ಚಿಲಕ ಎಲ್ಲಿದೆ

ಆಚೆ ಬೀದಿಯ ಹುರಿ ಮಿಷನ್‌ನವರ ಲೆಕ್ಕಕ್ಕೆ
ರಾತ್ರೋರಾತ್ರಿ ಬೀಗ ಬಿತ್ತು.
ಬೀಗದ ಕೈ ಯಾವ ದೇಶದಲ್ಲಿದೆಯೋ,
ಕೇಳಿದ ದುಡ್ಡು ಮಾತ್ರ ಡಾಲರಿನಲ್ಲಿ.

ಬೆಳಿಗ್ಗೆ ಇಲಿಯಾಸ್ ಸಾಬರು ನನ್ನ ಮೇಜಿನ ಮುಂದೆ ನಿಂತು
ಟೋಪಿ ತೆಗೆದು, ಮತ್ತೆ ಇಟ್ಟುಕೊಂಡು,
"ನಮ್ಮದಕ್ಕೆ ಕುಂಡಿ ಇದೆಯೇನಮ್ಮಾ?" ಅಂದರು.
ನೂಲು ತೆಗೆಯುವ ಹೆಂಗಸರ ಕಡೆಯಿಂದ ಒಂದೇ ನಗು.
ಅವರ ಮಾತಿನಲ್ಲಿ ಕುಂಡಿ ಅಂದರೆ ಚಿಲಕ,
ಮುನಿಲಕ್ಷ್ಮಮ್ಮನ ತೆಲುಗಿನಲ್ಲಿ ಗಡಿಯ.
ಶಿಡ್ಲಘಟ್ಟದಲ್ಲಿ ಒಂದೇ ಬಾಗಿಲನ್ನು
ಮೂರು ಭಾಷೆಯಲ್ಲಿ ಹಾಕುತ್ತೇವೆ.
ಹಗಲೆಲ್ಲ ಅದು ತೆರೆದೇ ಇರುತ್ತದೆ,
ಹಬೆ ಹೊರಗೆ ಹೋಗಬೇಕಲ್ಲ.

ನಮ್ಮ ಕಂಪ್ಯೂಟರು
ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ಬಂದದ್ದು.
ಪಾಲಿಟೆಕ್ನಿಕ್ಕಿನ ಅಶ್ವತ್ಥರೆಡ್ಡಿ ಲಿನಕ್ಸ್ ಹಾಕಿಕೊಟ್ಟು
ಹೇಳಿದ್ದು ಇಷ್ಟೇ: ಇದಕ್ಕೆ ಧಣಿ ಇಲ್ಲ,
ಊರ ಕುಂಟೆ ಇದ್ದ ಹಾಗೆ.
ಯಾರೋ ತೋಡಿದ್ದು, ಯಾರು ಬೇಕಾದರೂ ಮೊಗೆಯಬಹುದು,
ಹೂಳು ತುಂಬಿದರೆ ಬೈಯಲು ಮಾತ್ರ ಯಾರೂ ಸಿಗುವುದಿಲ್ಲ.

ಫೈರ್‌ವಾಲ್ ಅಂತ ಹುಡುಕಿದೆ.
ಬೆಂಕಿಗೆ ಅಡ್ಡ ಕಟ್ಟಿದ ಗೋಡೆಯೋ,
ಬೆಂಕಿಯಿಂದಲೇ ಕಟ್ಟಿದ್ದೋ?
ನನಗೆ ಗೊತ್ತಿರುವುದು ಒಲೆಯ ಹಿಂದಿನ ಗೋಡೆ,
ಮೂವತ್ತು ವರ್ಷದ ಮಸಿ,
ಮಸಿಯಲ್ಲಿ ಯಾರೋ ಉಗುರಿನಿಂದ ಗೀಚಿದ
ಕೊನೆಯ ಅಂಕಿ ಅಳಿಸಿಹೋದ ಫೋನ್ ನಂಬರು.

ಕಪ್ಪು ಕಿಟಕಿ ತೆರೆದು ಹೆಸರು ಬರೆದೆ, ಇನ್‌ಸ್ಟಾಲ್ ಅಂದೆ.
ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕಿಯೂ ಮೂಡದು,
ಕುರುಡಿಯ ಹಾಗೆ ಎಂಟು ಅಕ್ಷರ ತಡಕಿದೆ.
ಅದು ಹೇಳಿತು:
ಆಗಲೇ ಇದೆ. ಹೊಸದೇ ಇದೆ.
ಹೇಗಿದೆ ಅಂತ ಕೇಳಿದೆ.
ಇನ್‌ಆ್ಯಕ್ಟಿವ್, ಅಂದಿತು.

ನಾಲ್ಕು ವರ್ಷ!
ಜಿಎಸ್‌ಟಿ ಕಟ್ಟುವಾಗ, ಗೂಡಿನ ದರ ನೋಡುವಾಗ,
ಮಧ್ಯಾಹ್ನ ನಾನು ಮುಚ್ಚುಮರೆಯಲ್ಲಿ ಸೀರೆ ನೋಡುವಾಗಲೂ
ಕಾವಲುಗಾರ ಒಳಗೇ ಮಲಗಿದ್ದ,
ಏಳು ಅಂತ ಯಾರೂ ಅಂದಿರಲಿಲ್ಲ.

ಸಾಬರಿಗೆ ತೋರಿಸಲು ಅವನಿಗೊಂದು ಮುಖ ಬೇಕಿತ್ತು.
ತನ್ವೀರನ ಹಾಟ್‌ಸ್ಪಾಟಿನಲ್ಲಿ ಅದನ್ನೂ ಇಳಿಸಿದೆ.
ಬೂದು ಬಣ್ಣದ ಗುರಾಣಿ, ಪಕ್ಕದಲ್ಲೊಂದು ಸ್ವಿಚ್ಚು.
ಒಳಬರುವುದು: ಬೇಡ.
ಹೊರಹೋಗುವುದು: ಹೋಗಲಿ.
ಗುರಾಣಿಗೆ ಬಣ್ಣ ಬಂತು. "ಮಾಷಾಲ್ಲಾ," ಅಂದರು ಸಾಬರು,
ಎಲ್ಲರಿಗೂ ಟೀ ಹೇಳಿದರು.

ಟೀ ಬರುವ ಮೊದಲೇ ತನ್ವೀರ್ ತೂಕದ ಕೋಣೆಯಿಂದ ಕೂಗಿದ:
"ಅಕ್ಕಾ, ಫೈಲೇ ಓಪನ್ ಆಗ್ತಿಲ್ಲ!"
ಆರು ಲಾಟು ಗೂಡು ಅಂಗಳದಲ್ಲಿ,
ತೂಕ ಬರೆಯಲು ಜಾಗವಿಲ್ಲ.
ಕಳ್ಳನನ್ನೂ ತನ್ವೀರನನ್ನೂ ನನ್ನ ಗೋಡೆ
ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು.

ಬಾಂಡ್ಲಿಯ ಕಡೆ ನೋಡಿದೆ.
ಕುದಿನೀರಿನಲ್ಲಿ ಗೂಡುಗಳು ಉರುಳುತ್ತಿದ್ದವು.
ಬಾಗಿಲನ್ನೇ ಇಡದೆ ಗೋಡೆ ಕಟ್ಟಿಕೊಂಡವರು
ಏನಾಗುತ್ತಾರೆಂದು ನಾವು ದಿನಾ ನೋಡುತ್ತೇವೆ,
ಅದರಿಂದಲೇ ಉಣ್ಣುತ್ತೇವೆ.
ಹಾಗಂತ ತೂತು ಬಿದ್ದ ಗೂಡನ್ನು
ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ.

ಅಶ್ವತ್ಥರೆಡ್ಡಿಗೆ ಫೋನು ಮಾಡಿದೆ.
"ಒಂದು ಸಣ್ಣ ಕಂಡಿ ಬಿಡು," ಅಂದ,
"ಊರಿಗೆಲ್ಲ ಅಲ್ಲ, ಆ ಹುಡುಗನ ಮಿಷನ್ನಿಗೆ ಮಾತ್ರ."
ನಾನೂರ ನಲವತ್ತೈದನೇ ಬಾಗಿಲು,
ತೂಕದ ಕೋಣೆಯ ವಿಳಾಸ, ಕೊನೆಯಲ್ಲಿ ಏಳು.
ಸೂಜಿಗೆ ಎಳೆ ಪೋಣಿಸುವಾಗಿನಂತೆ
ಉಸಿರು ಹಿಡಿದು ಎಂಟರ್ ಒತ್ತಿದೆ.
ಆಚೆಯಿಂದ: "ಬಂತಕ್ಕಾ!"

ಸಂಜೆ ಯಾರು ಯಾರು ಬಾಗಿಲು ತಟ್ಟಿದ್ದಾರೆಂದು
ಪಟ್ಟಿ ತೆರೆದು ಕೂತೆ, ಎದೆ ಡವಡವ.
ನೂರಾ ಹನ್ನೊಂದು ಸಲ.
ನೂರಾ ಒಂಬತ್ತು ಸಲ, ನಮ್ಮದೇ ವೈಫೈ ಕದಿಯುವ
ಟೀ ಅಂಗಡಿಯ ಟಿವಿ,
ಯಾರಾದರೂ ಇದ್ದೀರಾ, ಇದ್ದೀರಾ ಅಂತ.
ಉಳಿದೆರಡು ಯಾರೆಂದು ಗೊತ್ತಾಗಲಿಲ್ಲ.

ಸಾಬರು ತಗಡಿನ ಬಾಗಿಲು ಎಳೆದರು.
ಚಿಲಕ ಕೂರಲಿಲ್ಲ, ಹೋದ ವರ್ಷವೇ ಸೊಟ್ಟಗಾಗಿದೆ.
ಜೇಬಿನಿಂದ ಒಂದು ತುಂಡು ರೇಷ್ಮೆ ಹುರಿ ತೆಗೆದು
ಎರಡು ಸುತ್ತು ಸುತ್ತಿ ಗಂಟು ಹಾಕಿದರು.
"ನಾಳೆ ಇದಕ್ಕೂ ಏನಾದರೂ ನೋಡಮ್ಮಾ," ಅಂದರು.